ನಾಳೆ ಬಾ

ಹೋದ ಭಾನುವಾರ ಪುಣೆಯಲ್ಲಿ ಸೇರಿದ ನಮ್ಮ ಬಳಗದ ಕೂಟದಲ್ಲಿ ಮಾತು ಪುಸ್ತಕದಿಂದ ಜಾರಿ ಮಕ್ಕಳ ಮೇಲೆ ಬಿತ್ತು. ದೀಪಾವಳಿ ರಜೆ ಹತ್ತಿರವಾಗಿದೆ. ರಜೆಗೆ ಮುಂಚೆ ಒಪ್ಪಿಸಬೇಕಾದ ಶಾಲಾ ಪ್ರಾಜೆಕ್ಟುಗಳಿಂದ, ಬಂದಿದ್ದ ತಾಯಂದಿರಲ್ಲಿ ಅರ್ಧ ಜನ ನಿದ್ದೆಗೆಟ್ಟಿದ್ದರು. ನಾನು ಬಹಳ ಗೌರವಿಸುವ ಹಿರಿಯರೊಬ್ಬರು ತೀರ್ಪು ಕೊಟ್ಟರು: ಈ ತಲೆಮಾರಿನ ಮಕ್ಕಳು ಸೋಮಾರಿಗಳು, ಮೂರು ವಾರ ಸಮಯ ಕೊಟ್ಟರೂ ಕೊನೆಯ ರಾತ್ರಿಯವರೆಗೆ ಕೈಕಟ್ಟಿ ಕೂರುತ್ತಾರೆ, ಇಂಥವರನ್ನೇ ಗೀತೆ ದೀರ್ಘಸೂತ್ರಿಗಳೆಂದು ಕರೆದು ತಾಮಸರ ಪಂಕ್ತಿಯಲ್ಲಿ ಕೂರಿಸಿದೆ. ಸಭೆ ತಲೆದೂಗಿತು. ನಾನೂ ಬಾಯಿ ಬಿಡಲಿಲ್ಲ. ಅಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗೀತೆಯ ವಿಚಾರ. ಮನೆಗೆ ಬಂದು ಹದಿನೆಂಟನೆಯ ಅಧ್ಯಾಯದ 28ನೆಯ ಶ್ಲೋಕವನ್ನು ತೆಗೆದು ನೋಡಿದೆ. ತಾಮಸ ಕರ್ತೃವಿನ ಲಕ್ಷಣಗಳನ್ನು ಎಣಿಸುವಾಗ ಅಲ್ಲಿ ಅಲಸ, ವಿಷಾದಿ, ದೀರ್ಘಸೂತ್ರಿ ಎಂಬ ಮೂರು ಪದಗಳು ಒಂದರ ಹಿಂದೊಂದು ಬರುತ್ತವೆ. ಸೋಮಾರಿಯೂ ನಾಳೆಗಿಡುವವನೂ ಒಬ್ಬನೇ ಆಗಿದ್ದರೆ ಎರಡು ಪದಗಳು ಬೇಕಿರಲಿಲ್ಲ. ಅವರಿಬ್ಬರ ನಡುವೆ ವಿಷಾದಿ, ಎಂದರೆ ಮನಸ್ಸು ಕುಗ್ಗಿದವನು, ನಿಂತಿರುವುದೂ ನನಗೆ ಅರ್ಥಪೂರ್ಣವಾಗಿ ಕಂಡಿತು. ಮೂವರನ್ನೂ ಶ್ಲೋಕ ಹೊಗಳಿಲ್ಲ ನಿಜ. ಆದರೆ ಮೂವರನ್ನೂ ಒಂದೇ ಹೆಸರಿನಿಂದ ಕೂಗಿಲ್ಲ. ನಾವು ಕೂಗುತ್ತಿದ್ದೇವೆ.

ನನ್ನ ವಾದ ಇಷ್ಟು. ರಜೆಗೆ ಮುಂಚಿನ ಈ ಪ್ರಾಜೆಕ್ಟುಗಳನ್ನು ಮಕ್ಕಳು ಮುಂದೂಡುತ್ತಿರುವುದು ಬಹುಮಟ್ಟಿಗೆ ಆಲಸ್ಯದಿಂದಲ್ಲ. ಆ ಕೆಲಸ ತಮ್ಮದಲ್ಲವೆಂಬುದು ಅವರಿಗೆ ಗೊತ್ತಿರುವುದರಿಂದ. ಅದು ಅವರದಾಗದಂತೆ ನೋಡಿಕೊಂಡವರು ನಾವು, ಶಾಲೆ ಮತ್ತು ಮನೆ ಸೇರಿ. ಕೊನೆಯ ರಾತ್ರಿ ನಾವೇ ಕತ್ತರಿ ಹಿಡಿದು ಕೂತು, ಮರುದಿನ ಮಕ್ಕಳನ್ನು ಸೋಮಾರಿಗಳೆಂದು ಕರೆಯುವುದು ನ್ಯಾಯವಲ್ಲ.

ಇದನ್ನು ಹೇಳುವ ಮೊದಲು ನನ್ನ ತಪ್ಪೊಪ್ಪಿಗೆ ಆಗಬೇಕು.

ಎರಡು ವರ್ಷದ ಹಿಂದಿನ ಮಾತು. ಮಗ ಆಗ ಆರನೆಯ ತರಗತಿ. ದೀಪಾವಳಿ ರಜೆಗೆ ಮುಂಚೆ ಸಿಂಹಗಡ ಕೋಟೆಯ ಮಾದರಿಯೊಂದನ್ನೂ ಹತ್ತು ಪುಟಗಳ ಕಡತವೊಂದನ್ನೂ ಒಪ್ಪಿಸಬೇಕೆಂದು ಶಾಲೆ ಹೇಳಿತ್ತು. ಸೂಚನೆಗಳು ನಮ್ಮ ಕಚೇರಿಯ ಟೆಂಡರಿಗಿಂತ ವಿವರವಾಗಿದ್ದವು. ಹಲಗೆ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಕಡತಕ್ಕೆ ನೀಲಿ ಹೊದಿಕೆ, ಶೀರ್ಷಿಕೆ ಮುದ್ರಿತವಾಗಿರತಕ್ಕದ್ದು, ಚಿತ್ರಗಳು ಕನಿಷ್ಠ ಎಂಟು. ಮೂರು ವಾರ ಕಳೆಯಿತು. ಪ್ರತಿ ಸಂಜೆ ನಾನು ಕೇಳುತ್ತಿದ್ದೆ, ಅವನು ‘ನಾಳೆ’ ಎನ್ನುತ್ತಿದ್ದ. ಒಪ್ಪಿಸುವ ಹಿಂದಿನ ರಾತ್ರಿ ಒಂಬತ್ತು ಗಂಟೆಗೆ, ಸಾರನ್ನದ ತಟ್ಟೆಯ ಮುಂದೆ ಕೂತು, “ಅಮ್ಮ, ನಾಳೆ ಸಿಂಹಗಡ ಕೊಡಬೇಕು” ಎಂದ.

“ಎಷ್ಟಾಗಿದೆ?”

“ಹಲಗೆ ಇದೆ.”

ಆಮೇಲೆ ನಡೆದದ್ದು ಎಲ್ಲ ಮನೆಗಳಲ್ಲೂ ನಡೆಯುವಂಥದೇ. ಬೈಗುಳ, ಒಂದಿಷ್ಟು ಅಳು. ಮೊಬೈಲಿನಲ್ಲಿ ಒತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಚಾರ್ಟ್ ಪೇಪರು, ಅಂಟು, ಬಣ್ಣ ಬಾಗಿಲಿಗೆ ಬಂದವು. ಯಜಮಾನರು ರಟ್ಟು ಕತ್ತರಿಸಿದರು. ನಾನು ಅಂತರ್ಜಾಲದಿಂದ 1670ರ ತಾನಾಜಿ ಮಾಲುಸರೆಯ ಕಾಳಗವನ್ನು ಹತ್ತು ಪುಟಕ್ಕೆ ಹಿಗ್ಗಿಸಿ ಮುದ್ರಿಸಿದೆ. ಒಂದೂವರೆ ಗಂಟೆಯ ಹೊತ್ತಿಗೆ ಕೋಟೆ ಎದ್ದು ನಿಂತಿತ್ತು, ಮಗ ಸೋಫಾದ ಮೇಲೆ ಮಲಗಿ ನಿದ್ದೆಹೋಗಿದ್ದ. ಬೆಳಿಗ್ಗೆ ಅವನ ಪಾಲಿಗೆ ಒಂದೇ ಕೆಲಸ ಉಳಿದಿತ್ತು. ಕಡತದ ಮೊದಲ ಪುಟದಲ್ಲಿ, ಇದು ನಾನು ಸ್ವತಃ ಮಾಡಿದ ಕೆಲಸವೆಂದು ಪ್ರಮಾಣೀಕರಿಸುತ್ತೇನೆ ಎಂಬ ವಾಕ್ಯದ ಕೆಳಗೆ ಸಹಿ ಹಾಕುವುದು. ಅವನು ನನ್ನ ಮುಖ ನೋಡಿದ. “ಬೇಗ ಹಾಕು, ಬಸ್ಸು ಬರುತ್ತೆ” ಎಂದೆ.

ಆ ಕೋಟೆಗೆ ಎ ಪ್ಲಸ್ ಬಂತು. ರಜೆ ಮುಗಿದು ಶಾಲೆ ತೆರೆದ ಮೇಲೂ ಒಂದು ವಾರ ಅದನ್ನು ಪ್ರದರ್ಶನಕ್ಕಿಟ್ಟಿದ್ದರು.

ನಾನು ಕೇಂದ್ರ ಸರ್ಕಾರದ ನೌಕರಿಯಲ್ಲಿ, ಲೆಕ್ಕಪತ್ರದ ಕೆಲಸದಲ್ಲಿ ಇರುವವಳು. ನಮ್ಮ ಲೋಕ ನಿಂತಿರುವುದೇ ಪ್ರಮಾಣೀಕರಣದ ಮೇಲೆ. ಸರಕು ಬಂದಿದೆ, ಎಣಿಸಿದ್ದೇನೆ, ಸರಿಯಿದೆ ಎಂದು ಒಬ್ಬ ಗುಮಾಸ್ತ ಸಹಿ ಹಾಕಿದರೆ ಅದನ್ನು ನಂಬಿ ಬಿಲ್ಲು ಪಾಸಾಗುತ್ತದೆ. ಎಣಿಸದೆ ಸಹಿ ಹಾಕಿದ್ದು ಗೊತ್ತಾದರೆ ಅವನ ಮೇಲೆ ಶಿಸ್ತುಕ್ರಮ. ಇಂಥ ಸಹಿಗಳನ್ನು ಅನುಮಾನದಿಂದ ನೋಡುವುದಕ್ಕೇ ಸಂಬಳ ಪಡೆಯುವ ನಾನು, ಹನ್ನೊಂದು ವರ್ಷದ ಮಗನ ಕೈಯಿಂದ ಅವನ ಬದುಕಿನ ಮೊದಲ ಸುಳ್ಳು ಪ್ರಮಾಣಪತ್ರ ಬರೆಸಿದೆ. ಅವನು ಮೂರು ವಾರ ಮುಂದೂಡಿದ್ದು ತಪ್ಪೇ ಇರಬಹುದು. ನಾನು ಮಾಡಿದ್ದಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ಇನ್ನು ಆ ‘ಸೋಮಾರಿ’ ಮರುದಿನದಿಂದ ಏನು ಮಾಡಿದ ಎಂಬುದನ್ನು ಹೇಳುತ್ತೇನೆ.

ಪುಣೆಯ ಸುತ್ತಮುತ್ತ ಇರುವವರಿಗೆ ದೀಪಾವಳಿಯ ಕಿಲ್ಲಾ ಗೊತ್ತೇ ಇದೆ. ಬೇರೆ ಊರುಗಳ ಓದುಗರಿಗಾಗಿ ಒಂದು ಮಾತು: ಇಲ್ಲಿ ದೀಪಾವಳಿ ಬಂತೆಂದರೆ ಮಕ್ಕಳು ಅಂಗಳದಲ್ಲಿ, ವಸತಿ ಸಂಕೀರ್ಣದ ಮೂಲೆಯಲ್ಲಿ, ಕಲ್ಲು ಇಟ್ಟಿಗೆ ಗೋಣಿಚೀಲಗಳನ್ನು ಒಟ್ಟಿ, ಕೆಸರು ಮೆತ್ತಿ, ಶಿವಾಜಿಯ ಕೋಟೆಗಳನ್ನು ಕಟ್ಟುತ್ತಾರೆ. ಮೇಲೆ ಶಿವಾಜಿಯ ಗೊಂಬೆ, ಮೆಟ್ಟಿಲುಗಳಲ್ಲಿ ಮಣ್ಣಿನ ಸೈನಿಕರು, ಇಳಿಜಾರಿನಲ್ಲಿ ಹಸಿರು ಮೊಳೆಯಲೆಂದು ಚೆಲ್ಲಿದ ಬೀಜ. ಮೈಸೂರಿನ ಕಡೆಯವಳಾದ ನನಗೆ ಅದನ್ನು ಕಂಡಾಗಲೆಲ್ಲ ನಮ್ಮ ದಸರಾ ಗೊಂಬೆಗಳ ನಡುವೆ ರಾಗಿ ಚೆಲ್ಲಿ ಬೆಳೆಸುತ್ತಿದ್ದ ಪುಟ್ಟ ತೋಟ ನೆನಪಾಗುತ್ತದೆ.

ನಮ್ಮ ಕ್ವಾರ್ಟರ್ಸಿನ ಹಿಂದೆ ಮಗ ಮತ್ತವನ ಗೆಳೆಯರು ನಾಲ್ಕು ದಿನ ದುಡಿದರು. ಯಾರೂ ಎಬ್ಬಿಸದೆ ಆರು ಗಂಟೆಗೆ ಎದ್ದ. ಮಣ್ಣು ಜರಡಿ ಹಿಡಿದ. ಒಮ್ಮೆ ಗೋಡೆ ಕುಸಿಯಿತು, ಮತ್ತೆ ಕಟ್ಟಿದ. ಮೂರನೆಯ ದಿನ ಅಡಿಗೆಮನೆಗೆ ಬಂದು ತೆಂಗಿನ ಚಿಪ್ಪು ಕೇಳಿದ. ಯಾಕೆಂದು ಕೇಳಿದರೆ, ಕೋಟೆಯ ಮೇಲೆ ಕೊಳ ಬೇಕು ಎಂದ. ಅದರ ಹಿಂದಿನ ಮಳೆಗಾಲದಲ್ಲಿ ನಾವು ಸಿಂಹಗಡ ಹತ್ತಿದ್ದೆವು. ಮೇಲೆ ಪಿಠ್ಲಾ ಭಾಕ್ರಿ ತಿನ್ನುತ್ತಿದ್ದಾಗ ಅವನು, ಇಷ್ಟೆತ್ತರದಲ್ಲಿ ಅಷ್ಟೊಂದು ಸೈನಿಕರು ಕುಡಿಯುವ ನೀರಿಗೆ ಏನು ಮಾಡುತ್ತಿದ್ದರು ಎಂದು ಕೇಳಿದ್ದ. ಬಂಡೆ ಕೊರೆದು ಮಾಡಿದ ದೇವಟಾಕೆಯ ಕೊಳವನ್ನು ನೋಡಿ ಸುಮ್ಮನಾಗಿದ್ದ. ಆ ಪ್ರಶ್ನೆ ಅವನೊಳಗೆ ಅಷ್ಟು ತಿಂಗಳು ಕೂತಿತ್ತು. ಅದು ಕೆಸರಿನ ಕೋಟೆಯಲ್ಲಿ, ಚಿಪ್ಪಿನಷ್ಟು ಅಗಲದ ಕೊಳವಾಗಿ ಹೊರಬಂತು.

ನಾವು ರಾತ್ರಿ ಕೂತು ಕಟ್ಟಿದ ಎ ಪ್ಲಸ್ ಕೋಟೆಯಲ್ಲಿ ಕೊಳವೇ ಇರಲಿಲ್ಲ. ಸೂಚನೆಯಲ್ಲಿ ಅದನ್ನು ಕೇಳಿರಲಿಲ್ಲ.

ಅದೇ ಹುಡುಗ, ಅದೇ ಕೈ, ಅದೇ ಸಿಂಹಗಡ. ಒಂದನ್ನು ಮೂರು ವಾರ ಮುಟ್ಟಲಿಲ್ಲ, ಇನ್ನೊಂದನ್ನು ನಾಲ್ಕು ದಿನ ಬಿಡಲಿಲ್ಲ. ಆಲಸ್ಯ ಮಗುವಿನ ಗುಣವಾಗಿದ್ದರೆ ಅದು ಎರಡೂ ಕಡೆ ಕಾಣಬೇಕಿತ್ತು. ವ್ಯತ್ಯಾಸ ಕೆಲಸದಲ್ಲಿತ್ತು.

ಪ್ರಾಜೆಕ್ಟ್ ಎಂಬ ಪದದ ಚರಿತ್ರೆಯನ್ನು ನೋಡಿದರೆ ಈ ಸ್ಥಿತಿ ವಿಚಿತ್ರವಾಗಿ ಕಾಣುತ್ತದೆ. 1918ರಲ್ಲಿ ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್ ‘ಪ್ರಾಜೆಕ್ಟ್ ವಿಧಾನ’ ಎಂಬ ಲೇಖನ ಬರೆದಾಗ ಅದರ ತಿರುಳು ಒಂದೇ ಆಗಿತ್ತು: ಮಗು ತಾನೇ ಒಪ್ಪಿಕೊಂಡ ಉದ್ದೇಶದಿಂದ, ಮನಸಾರೆ ಮಾಡುವ ಕೆಲಸವೇ ಕಲಿಕೆಯ ಘಟಕವಾಗಬೇಕು. ಉದ್ದೇಶ ಮಗುವಿನದಲ್ಲದಿದ್ದರೆ ಅದು ಪ್ರಾಜೆಕ್ಟೇ ಅಲ್ಲ. ನಾವು ಹೆಸರನ್ನು ಉಳಿಸಿಕೊಂಡು ತಿರುಳನ್ನು ಎಸೆದೆವು. ಇಂದು ವಸ್ತು ಶಾಲೆಯದು, ಅಳತೆ ಶಾಲೆಯದು, ಸಾಮಗ್ರಿ ಅಂಗಡಿಯದು, ಬರಹ ಅಂತರ್ಜಾಲದ್ದು, ಕೈ ತಾಯಿಯದು. ಮಗುವಿನದೆಂದು ಉಳಿಯುವುದು ಸಹಿ ಮಾತ್ರ. ಈಗಂತೂ ಆ ಹತ್ತು ಪುಟಗಳನ್ನು ಯಂತ್ರವೇ ಅರೆಗಳಿಗೆಯಲ್ಲಿ ಬರೆದುಕೊಡುತ್ತದೆ ಎಂದು ನಾವು ಗಾಬರಿಪಡುತ್ತೇವೆ. ಯಂತ್ರ ಬರುವುದಕ್ಕೆ ಮುಂಚೆ ಆ ಸ್ಥಾನದಲ್ಲಿ ನಾವೇ ಇದ್ದೆವು.

ನಿಯಮಗಳ ಕೊರತೆಯಿಂದ ಹೀಗಾಗಿದೆ ಎನ್ನುವಂತೆಯೂ ಇಲ್ಲ. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯ ಸದಸ್ಯರಾಗಿದ್ದಾಗ, 1989ರಲ್ಲಿ ಎದ್ದು ನಿಂತು ಮಾತಾಡಿದ್ದು ಶಾಲಾ ಮಕ್ಕಳ ಬೆನ್ನಿನ ಹೊರೆಯ ಬಗ್ಗೆ. ಪ್ರೊಫೆಸರ್ ಯಶಪಾಲರ ಸಮಿತಿ 1993ರಲ್ಲಿ ಕೊಟ್ಟ ವರದಿಯ ಹೆಸರೇ ‘ಹೊರೆಯಿಲ್ಲದ ಕಲಿಕೆ’. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅದೇ ದಾರಿಯಲ್ಲಿ ನಡೆಯಿತು. 2009ರಲ್ಲಿ ಸಿ.ಬಿ.ಎಸ್.ಇ. ಪರೀಕ್ಷೆಯ ಭಯ ಕಡಿಮೆ ಮಾಡಲೆಂದು ನಿರಂತರ ಮೌಲ್ಯಮಾಪನವನ್ನು ತಂದಿತು. ಸದುದ್ದೇಶದಿಂದ ಬಂದ ಆ ಪದ್ಧತಿಯಲ್ಲಿ ಪ್ರಾಜೆಕ್ಟಿಗೆ ಅಂಕ ಬಂತು; ಅಂಕ ಬಂದದ್ದೇ ತಡ, ಪ್ರಾಜೆಕ್ಟು ಮನೆಮಂದಿಯ ಪರೀಕ್ಷೆಯಾಯಿತು. 2017ರಲ್ಲಿ ಆ ಪದ್ಧತಿ ಹೋಯಿತು, ರಟ್ಟಿನ ಕೋಟೆಗಳು ಉಳಿದವು. 2020ರ ಶಾಲಾ ಬ್ಯಾಗ್ ನೀತಿ ಎರಡನೆಯ ತರಗತಿಯವರೆಗೆ ಮನೆಗೆಲಸವೇ ಬೇಡವೆಂದೂ, ಆರರಿಂದ ಎಂಟನೆಯ ತರಗತಿಯವರೆಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ ಸಾಕೆಂದೂ ಹೇಳುತ್ತದೆ. ರಾತ್ರಿ ಒಂದೂವರೆಯವರೆಗೆ ಅಂಟು ಹಚ್ಚುವ ತಾಯಂದಿರ ಬಗ್ಗೆ ಅದರಲ್ಲಿ ಏನೂ ಇಲ್ಲ. ಅವರ ಕೆಲಸ ಯಾವ ಲೆಕ್ಕಕ್ಕೂ ಬರುವುದಿಲ್ಲ.

ನಾರಾಯಣರ ಹೆಸರು ಬಂದದ್ದಕ್ಕೆ ಇನ್ನೊಂದು ಮಾತು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ, ರಜೆಯ ದಿನ ತಂದೆ ಸ್ವಾಮಿಯನ್ನು ಕೂರಿಸಿಕೊಂಡು ಮಾವಿನ ಹಣ್ಣಿನ ಬೆಲೆಯ ಲೆಕ್ಕವೊಂದನ್ನು ಕೊಡುತ್ತಾರೆ. ಸ್ವಾಮಿಗೆ ಲೆಕ್ಕ ಮುಂದೆ ಸಾಗುವುದಿಲ್ಲ, ಏಕೆಂದರೆ ಮಾವು ಹಣ್ಣಾಗಿದೆಯೋ ಇಲ್ಲವೋ ಎಂಬುದು ಅವನಿಗೆ ತಿಳಿಯಬೇಕಾಗಿದೆ. ತಂದೆಗೆ ಕಾಣುವುದು ಕೆಲಸ ಮಾಡದೆ ಕೂತ ಹುಡುಗ. ಓದುಗರಿಗೆ ಕಾಣುವುದು, ಪ್ರಶ್ನೆಯೊಳಗೆ ತನಗೊಂದು ಜಾಗ ಹುಡುಕುತ್ತಿರುವ ಹುಡುಗ. ಎಂ.ಎ.ಯಲ್ಲಿ ಆ ಪುಟವನ್ನು ಓದಿ ನಕ್ಕಿದ್ದೆ. ನನ್ನ ಮನೆಯಲ್ಲೇ ಒಬ್ಬ ಸ್ವಾಮಿ ಕೋಟೆಯ ನೀರಿನ ಬಗ್ಗೆ ಯೋಚಿಸುತ್ತಿದ್ದಾಗ ಮಾತ್ರ ನಾನು ಆ ತಂದೆಯ ಕುರ್ಚಿಯಲ್ಲಿ ಕೂತಿದ್ದೆ.

ಇಲ್ಲಿ ಹಿರಿಯರು ಎತ್ತಬಹುದಾದ ಆಕ್ಷೇಪ ನನಗೆ ಗೊತ್ತು, ಅದು ಹಗುರವಾದದ್ದೂ ಅಲ್ಲ. ಇಷ್ಟವಾದ ಕೆಲಸವನ್ನು ಯಾರು ಬೇಕಾದರೂ ಮಾಡುತ್ತಾರೆ. ಇಷ್ಟವಿಲ್ಲದ್ದನ್ನು ಹೊತ್ತಿಗೆ ಸರಿಯಾಗಿ ಮುಗಿಸುವುದನ್ನು ಕಲಿಯುವುದೇ ಶಿಕ್ಷಣ. ನಾಳೆ ನೌಕರಿಯಲ್ಲಿ ಮೇಲಧಿಕಾರಿ ಇವರ ಮನಸ್ಸನ್ನು ಕೇಳಿ ಕೆಲಸ ಕೊಡುತ್ತಾನೆಯೇ?

ಒಪ್ಪುತ್ತೇನೆ. ಮಗ್ಗಿಯನ್ನು ಯಾರೂ ಪ್ರೀತಿಯಿಂದ ಬಾಯಿಪಾಠ ಮಾಡುವುದಿಲ್ಲ, ಆದರೂ ಅದು ಬೇಕು. ಎಲ್ಲ ವಿಳಂಬವೂ ಆಳವಾದ ಚಿಂತನೆಯಲ್ಲ. ಮೊಬೈಲಿನ ಆಟ ಬಿಟ್ಟು ಏಳಲಾರದ ಬರೀ ಸೋಮಾರಿತನವೂ ಉಂಟು. ಆದರೆ ಕೊನೆಯ ರಾತ್ರಿಯ ಪ್ರಾಜೆಕ್ಟು ಮಗುವಿಗೆ ಇಷ್ಟವಿಲ್ಲದ ಕೆಲಸವನ್ನು ಮುಗಿಸುವುದನ್ನು ಕಲಿಸಿತೇ? ಸುಮ್ಮನಿದ್ದರೆ ಬೇರೆ ಯಾರಾದರೂ ಮುಗಿಸುತ್ತಾರೆ, ಹೆಸರು ಮಾತ್ರ ನಿನ್ನದಾಗುತ್ತದೆ ಎಂದು ಕಲಿಸಿತು. ಶಿಸ್ತಿನ ಪರವಾಗಿ ಮಾತಾಡುವವರು ಮೊದಲು ವಿರೋಧಿಸಬೇಕಾದದ್ದು ಇದನ್ನೇ.

ಇನ್ನು ನೌಕರಿಯ ಮಾತು. ನಾಳೆಗಿಡುವ ಚಾಳಿ ಈ ತಲೆಮಾರಿನ ಮಕ್ಕಳಿಂದ ಶುರುವಾಯಿತೆಂದು ನಂಬುವವರು ಯಾವುದಾದರೂ ಸರ್ಕಾರಿ ಕಚೇರಿಗೆ ಮಾರ್ಚ್ ಕೊನೆಯ ವಾರ ಒಮ್ಮೆ ಬರಬೇಕು. ವರ್ಷವಿಡೀ ಮಲಗಿದ್ದ ಅನುದಾನ ಆಗ ಎದ್ದು ಓಡುತ್ತದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ಆರ್ಥಿಕ ವರ್ಷದ ಕೊನೆಯ ತಿಂಗಳುಗಳಲ್ಲಿ ಖರ್ಚಿನ ನೂಕುನುಗ್ಗಲು ಹಣಕಾಸಿನ ಔಚಿತ್ಯದ ಉಲ್ಲಂಘನೆ ಎಂದು ಸ್ಪಷ್ಟವಾಗಿ ಬರೆದಿದೆ. ಐವತ್ತು ವರ್ಷದ, ಪದವಿಗಳುಳ್ಳ, ಪಿಂಚಣಿಯ ಲೆಕ್ಕ ಹಾಕುವ ಅಧಿಕಾರಿಗಳಿಗೇ ನಿಯಮ ಮಾಡಿ ಹೇಳಬೇಕಾದದ್ದನ್ನು ಹನ್ನೊಂದು ವರ್ಷದ ಮಗು ಹುಟ್ಟಿನಿಂದಲೇ ತಿಳಿದಿರಬೇಕೆಂದು ನಾವು ಬಯಸುತ್ತೇವೆ. ಸ್ಯಾಮ್ಯುಯೆಲ್ ಜಾನ್ಸನ್ 1751ರಲ್ಲಿ ‘ರ‍್ಯಾಂಬ್ಲರ್’ ಪತ್ರಿಕೆಗೆ ಮುಂದೂಡುವ ಚಟದ ಮೇಲೆ ಸೊಗಸಾದ ಪ್ರಬಂಧವೊಂದನ್ನು ಬರೆದ. ಅದನ್ನು ಅವಸರದಲ್ಲಿ, ಮುದ್ರಣಾಲಯದ ಹುಡುಗ ಹಸ್ತಪ್ರತಿಗಾಗಿ ಕಾದು ನಿಂತಿದ್ದಾಗ ಗೀಚಿ ಕೊಟ್ಟನೆಂದು ಅವನ ಸ್ನೇಹಿತೆ ಶ್ರೀಮತಿ ಪಿಯೋಜಿ ದಾಖಲಿಸಿದ್ದಾಳೆ. ಈ ಬರಹವೂ ಒಪ್ಪಿಕೊಂಡ ದಿನಕ್ಕಿಂತ ಎರಡು ವಾರ ತಡವಾಗಿ ಬಳಗದ ಸಂಪಾದಕರ ಕೈಸೇರುತ್ತಿದೆ. ಅವರು ನನ್ನನ್ನು ಸೋಮಾರಿಯೆಂದು ಕರೆಯದೆ ಸಹನೆಯಿಂದ ಕಾದರು. ಆ ಸಹನೆಯಲ್ಲಿ ಒಂದು ಪಾಲು ನಮ್ಮ ಮಕ್ಕಳಿಗೂ ಸಲ್ಲಬೇಡವೇ?

ಹಾಗಾದರೆ ಮಗು ನಿಜವಾಗಿ ಏನನ್ನು ಮುಂದೂಡುತ್ತಿದೆ? 1990ರ ದಶಕದಲ್ಲಿ ನಾವು ಚಿಕ್ಕವರಿದ್ದಾಗ ನಮ್ಮ ಕಡೆಯ ಊರುಗಳಲ್ಲಿ ಮನೆಮನೆಯ ಬಾಗಿಲ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ಈ ಓದುಗರಲ್ಲಿ ಹಲವರು ಆ ಅಕ್ಷರಗಳನ್ನು ಕಂಡಿರಬಹುದು. ಆ ಬರಹವನ್ನು ಬರೆದವರು ಸೋಮಾರಿಗಳಾಗಿರಲಿಲ್ಲ. ಅವರು ಹೆದರಿದ್ದರು.

ಮುಂದೂಡುವ ಮಗುವೂ ಮನಸ್ಸಿನ ಬಾಗಿಲ ಮೇಲೆ ಇದನ್ನೇ ಬರೆದುಕೊಂಡಿರುತ್ತದೆ. ಮುಂದೂಡುವಿಕೆಯ ಮೂಲ ಸಮಯದ ನಿರ್ವಹಣೆಯಲ್ಲಿಲ್ಲ, ಕೆಲಸ ಎಬ್ಬಿಸುವ ಅಹಿತಕರ ಭಾವನೆಯಿಂದ ತಪ್ಪಿಸಿಕೊಳ್ಳುವುದರಲ್ಲಿದೆ ಎಂದು ಈ ವಿಷಯದಲ್ಲೇ ದುಡಿದ ಕೆನಡಾದ ಮನಶ್ಶಾಸ್ತ್ರಜ್ಞ ಟಿಮೊಥಿ ಪಿಚಿಲ್ ಮೊದಲಾದವರು ಹೇಳುತ್ತಾರೆ. ನಮ್ಮ ಮಕ್ಕಳ ಅಹಿತವೇನೆಂದು ಊಹಿಸುವುದು ಕಷ್ಟವಲ್ಲ. ತನ್ನ ಕೈಯ ಸೊಟ್ಟ ಕೋಟೆ, ಪಕ್ಕದ ಹುಡುಗನ ಅಪ್ಪ ಮಾಡಿದ ನೆಟ್ಟನೆಯ ಕೋಟೆಯ ಪಕ್ಕದಲ್ಲಿ ಕೂರಬೇಕು. ಸೋಲು ಖಚಿತವಾದ ಪಂದ್ಯಕ್ಕೆ ಯಾವ ಮಗು ಉತ್ಸಾಹದಿಂದ ಇಳಿದೀತು? ಅಂಗಳದ ಕಿಲ್ಲಾಕ್ಕೆ ಆ ದೆವ್ವವಿಲ್ಲ. ಅಲ್ಲಿ ಎಲ್ಲರದೂ ಸೊಟ್ಟಗೇ ಇರುತ್ತದೆ.

ಹೊರನಾಡಿನಲ್ಲಿರುವ ನಮ್ಮಲ್ಲಿ ಈ ಭಯ ಇನ್ನೊಂದು ಪದರ ದಪ್ಪ ಎಂದು ನನ್ನ ಅನುಮಾನ. ಮಗ ಮರಾಠಿಯಲ್ಲಿ ಹಿಂದೆ ಬೀಳಬಾರದು, ಹಿಂದಿ ತಪ್ಪಬಾರದು, ಕನ್ನಡ ಮರೆಯಬಾರದು, ನಮ್ಮನ್ನು ಇಲ್ಲಿಯವರು ಹೊರಗಿನವರೆಂದು ನೋಡಬಾರದು. ಇವೆಲ್ಲವನ್ನೂ ಒಂದು ರಟ್ಟಿನ ಸಿಂಹಗಡದ ಮೇಲೆ ಹೇರಿದ್ದು ನಾನು. ಆ ರಾತ್ರಿ ನಾನು ಅವನಿಗಾಗಿ ಕೋಟೆ ಕಟ್ಟುತ್ತಿದ್ದೇನೆಂದುಕೊಂಡಿದ್ದೆ. ಈಗ ಯೋಚಿಸಿದರೆ, ನನ್ನ ಮಾನಕ್ಕೆ ಕೋಟೆ ಕಟ್ಟುತ್ತಿದ್ದೆ.

ಆದ್ದರಿಂದ ನನ್ನ ಕೇಳಿಕೆಗಳು ಕೆಲವು. ಶಿಕ್ಷಕರಿಗೆ: ಅಂಕ ಕೊಡಲೇಬೇಕಾದ ಪ್ರಾಜೆಕ್ಟನ್ನು ಶಾಲೆಯಲ್ಲೇ, ನಿಮ್ಮ ಕಣ್ಣೆದುರು ಮಾಡಿಸಿ, ಮೂರು ವಾರಕ್ಕೊಂದು ದೊಡ್ಡ ಕೋಟೆಯ ಬದಲು ವಾರಕ್ಕೊಂದು ಗೋಡೆ ಸಾಕು. ಅಳತೆ, ಬಣ್ಣ, ಹೊದಿಕೆಗಳನ್ನು ಬಿಟ್ಟು ಒಂದು ಪ್ರಶ್ನೆ ಕೊಡಿ, ಇಲ್ಲವೇ ಮಗುವೇ ಒಂದು ಪ್ರಶ್ನೆ ತರಲಿ. ನಲವತ್ತೈವತ್ತು ಮಕ್ಕಳ ತರಗತಿಯಲ್ಲಿ ಇದು ಕಷ್ಟವೆಂದು ಬಲ್ಲೆ. ಆದರೆ ಐವತ್ತು ತಾಯಂದಿರ ಕೈಕೆಲಸಕ್ಕೆ ಅಂಕ ಹಾಕುವುದರಿಂದ ನಿಮಗೂ ಸಂತೋಷವಿಲ್ಲವೆಂದು ಬಲ್ಲೆ. ಮತ್ತು ಆ ಪ್ರಮಾಣೀಕರಣದ ಪುಟವನ್ನು ದಯವಿಟ್ಟು ತೆಗೆದುಹಾಕಿ, ಇಲ್ಲವೇ ಅದನ್ನು ನಿಜವಾಗಿ ನಂಬಿ.

ನನ್ನಂಥ ತಂದೆತಾಯಿಯರಿಗೆ: ಕತ್ತರಿ ಕೆಳಗಿಡೋಣ. ಮೊದಲ ವಾರದಲ್ಲಿ ಮಗುವಿನ ಪಕ್ಕ ಅರ್ಧ ಗಂಟೆ ಕೂರೋಣ, ಯಾವುದು ಕಷ್ಟ, ಎಲ್ಲಿ ಸಿಕ್ಕಿಕೊಂಡಿದೆ ಎಂದು ಕೇಳೋಣ. ಕೊನೆಯ ರಾತ್ರಿ ಏನೂ ಆಗಿರದಿದ್ದರೆ ಖಾಲಿ ಹಲಗೆಯೇ ಶಾಲೆಗೆ ಹೋಗಲಿ. ಒಂದು ದಿನದ ಅವಮಾನ ಮಗುವಿನದು, ಅದನ್ನು ಅದರಿಂದ ಕಸಿದುಕೊಳ್ಳುವ ಹಕ್ಕು ನಮಗಿಲ್ಲ.

ಹೋದ ವರ್ಷ ನಮ್ಮ ಮನೆಯಲ್ಲಿ ಹಾಗೇ ಮಾಡಿದೆವು. ನೀರಿನ ಶುದ್ಧೀಕರಣದ ಮಾದರಿ ಮಾಡಬೇಕಿತ್ತು. ಬಾಟಲಿ ಓರೆಯಾಗಿತ್ತು, ಇದ್ದಿಲಿನ ನೀರು ಹಲಗೆಯ ಮೇಲೆಲ್ಲ ಸೋರಿತ್ತು, ಅಕ್ಷರಗಳು ಸಾಲು ಬಿಟ್ಟು ಇಳಿದಿದ್ದವು. ಹತ್ತಕ್ಕೆ ಐದು ಅಂಕ ಬಂತು. ಅವನಿಗೆ ಬೇಸರವಾಯಿತು, ನನಗೆ ಅವನಿಗಿಂತ ಹೆಚ್ಚು. ಆದರೆ ಪ್ರಮಾಣೀಕರಣದ ಪುಟದಲ್ಲಿ ಸಹಿ ಹಾಕುವಾಗ ಅವನು ನನ್ನ ಮುಖ ನೋಡಲಿಲ್ಲ.

ಈ ವರ್ಷದ ವಿಷಯ ಮತ್ತೆ ಕೋಟೆ. 2025ರ ಜುಲೈಯಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳು. ಅವುಗಳಲ್ಲಿ 11 ಮಹಾರಾಷ್ಟ್ರದವು, ಒಂದು ಮಾತ್ರ ತಮಿಳುನಾಡಿನ ಜಿಂಜಿ. ಆ ಒಂದು ಅಷ್ಟು ದೂರ ಹೇಗೆ ಹೋಯಿತೆಂದು ಮಗ ಮೊನ್ನೆ ಕೇಳಿದ. ನೀನೇ ಹುಡುಕು ಎಂದೆ. ಒಪ್ಪಿಸಲು ಇನ್ನು ಒಂಬತ್ತು ದಿನ ಇದೆ. ಇದನ್ನು ಬರೆಯುತ್ತಿರುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಹಲಗೆ ಖಾಲಿಯಾಗಿಯೇ ಗೋಡೆಗೆ ಒರಗಿದೆ, ಅವನು ಕ್ರಿಕೆಟ್ ನೋಡುತ್ತಿದ್ದಾನೆ. ನನ್ನ ಕೈ ಕತ್ತರಿಯ ಕಡೆಗೆ ಹೋಗುತ್ತಲೇ ಇದೆ. ತಡೆದು ಹಿಡಿದು ಕೂತಿದ್ದೇನೆ.